ಹಣಿಗೆಗೂ ಹತ್ತು ನಿಮಿಷ ಬೇಕು: ವಿಜಯಪುರದ ಸಲೂನಿನಲ್ಲಿ ನನ್ನ ಅನುಭವ

ಸಲೂನಿನ ಸ್ವಚ್ಛತೆಯ ಮಾತು ಬಂದರೆ ಜನ ಮೊದಲು ಕೇಳುವುದು ಯಾವ ಔಷಧ ಬಳಸುತ್ತೀರಿ ಎಂದು. ವಿಜಯಪುರದಲ್ಲಿ ಗಂಡಸರ ಸಲೂನು ನಡೆಸುವ ನನಗೆ ಔಷಧದ ಕೊರತೆ ಎಂದೂ ಆಗಿಲ್ಲ. ಕೊರತೆ ಇದ್ದದ್ದು ಆ ಔಷಧ ಕೆಲಸ ಮಾಡಲು ಬೇಕಾದ ಹತ್ತು ನಿಮಿಷಕ್ಕೆ. ರವಿವಾರ ಮುಂಜಾನೆ ಬೆಂಚು ತುಂಬಿ, "ಲಗೂ ಮುಗಸ್ರಿ ಅಣ್ಣಾರ, ಮದವಿಗೆ ಹೋಗೂದೈತಿ" ಎನ್ನುವವರು ಬಾಗಿಲಲ್ಲಿ ನಿಂತಿರುವಾಗ, ಒಬ್ಬರ ತಲೆಯಿಂದ ತೆಗೆದ ಹಣಿಗೆಯನ್ನು ನೀಲಿ ನಂಜುನಾಶಕ ದ್ರಾವಣದಲ್ಲಿ ಒಮ್ಮೆ ಅದ್ದಿ ಮುಂದಿನವರ ತಲೆಗೆ ಹಚ್ಚುವುದು ನಮ್ಮ ಕಸುಬಿನಲ್ಲಿ ಸಾಮಾನ್ಯ ರೂಢಿ. ಅದರಿಂದ ಗಿರಾಕಿಗೆ ಸಮಾಧಾನವಾಗುತ್ತದೆ, ರೋಗಾಣುವಿಗೆ ಹೆಚ್ಚೇನೂ ಆಗುವುದಿಲ್ಲ.

ಹೀಗಾಗಿ ನಾನು ಮೊದಲು ಖರ್ಚು ಮಾಡಿದ್ದು ಹಣಿಗೆ, ಕತ್ತರಿಗಳ ಮೇಲೆ. ಈಗ ಪ್ರತಿ ಕುರ್ಚಿಗೆ ನಾಲ್ಕು ಸೆಟ್ ಇವೆ: ಒಂದು ಕೈಯಲ್ಲಿ, ಒಂದು ತೊಳೆಯುವ ಬುಟ್ಟಿಯಲ್ಲಿ, ಒಂದು ದ್ರಾವಣದಲ್ಲಿ, ಇನ್ನೊಂದು ಒಣಗಿ ಮುಚ್ಚಿದ ಡಬ್ಬಿಯಲ್ಲಿ. ಗಿರಾಕಿ ಕಾಯುವುದೂ ಇಲ್ಲ, ಹಣಿಗೆಯ ಸಮಯಕ್ಕೆ ಕತ್ತರಿಯೂ ಬೀಳುವುದಿಲ್ಲ. ಹಣಿಗೆಗಳ ಬೆಲೆ ಎಷ್ಟೆಂದು ಬಲ್ಲವರಿಗೆ ಇದು ದೊಡ್ಡ ವೆಚ್ಚವಲ್ಲ ಎಂಬುದೂ ಗೊತ್ತು.

ದ್ರಾವಣಕ್ಕೆ ಹಾಕುವ ಮುನ್ನ ತೊಳೆಯುವುದು ಕಡ್ಡಾಯ. ಹಣಿಗೆಯ ಹಲ್ಲುಗಳ ಬುಡದಲ್ಲಿ ಎಣ್ಣೆ, ಹೊಟ್ಟು, ಪೌಡರ್ ಸೇರಿ ಬೂದುಬಣ್ಣದ ಮೇಣದಂತೆ ಅಂಟಿಕೊಂಡಿರುತ್ತದೆ; ಹಳೆಯ ಟೂತ್‌ಬ್ರಷ್‌ನಿಂದ ಸಾಬೂನು ನೀರು ಹಾಕಿ ಉಜ್ಜಿದರಷ್ಟೇ ಅದು ಬಿಡುತ್ತದೆ. ಅದು ಹಾಗೆಯೇ ಉಳಿದರೆ ಔಷಧವು ಒಳಗಿನ ಶಿಲೀಂಧ್ರವನ್ನಾಗಲಿ ಬ್ಯಾಕ್ಟೀರಿಯಾವನ್ನಾಗಲಿ ಮುಟ್ಟುವುದೇ ಇಲ್ಲ. ಕತ್ತರಿಯ ತಿರುಪಿನ ಸಂದಿಗೂ ಇದೇ ಮಾತು. ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಸಾಬೂನು ನೊರೆ ಬರುವುದಿಲ್ಲ, ಮತ್ತು ಸಲೂನುಗಳಲ್ಲಿ ಬಳಸುವ ಹಲವು ನಂಜುನಾಶಕಗಳ ಶಕ್ತಿಯನ್ನೂ ಗಡಸು ನೀರು ಕುಗ್ಗಿಸುತ್ತದೆ. ಆದ್ದರಿಂದ ದ್ರಾವಣ ಕಲಸಲು ಓಣಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುತ್ತೇನೆ. ದ್ರಾವಣವನ್ನು ದಿನವೂ ಹೊಸದಾಗಿ ಕಲಸಬೇಕು. ಅದರಲ್ಲಿ ಕೂದಲು ತೇಲಿದರೆ ಆಗಲೇ ಚೆಲ್ಲಬೇಕು.

ಮಷಿನ್ ವಿಷಯ ಬೇರೆ, ಏಕೆಂದರೆ ಮೋಟಾರು ಇರುವುದನ್ನು ನೀರಿನಲ್ಲಿ ಮುಳುಗಿಸಲಾಗದು. ಈಗಿನ ಹುಡುಗರು ಕಿವಿಯ ಸುತ್ತ ಚರ್ಮ ಕಾಣುವಂತೆ ಕಟಿಂಗ್ ಕೇಳುತ್ತಾರೆ. ಅಷ್ಟು ಹತ್ತಿರ ಆಡುವ ಬ್ಲೇಡು ಗಜಕರ್ಣವಿರುವ ಒಂದು ಕತ್ತಿನಿಂದ ಇನ್ನೊಂದಕ್ಕೆ ಶಿಲೀಂಧ್ರವನ್ನು ಸುಲಭವಾಗಿ ದಾಟಿಸುತ್ತದೆ. ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ಮಾತ್ರೆಗೂ ಬಗ್ಗದ ಗಜಕರ್ಣ ನಮ್ಮ ದೇಶದಲ್ಲಿ ಹರಡಿ, ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂಬ ಹೆಸರೇ ಬಂದಿರುವಾಗ, ಇದನ್ನು ಬರೀ ತುರಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಬ್ಬರದು ಮುಗಿದ ಕೂಡಲೇ ಮಷಿನ್ ಆರಿಸಿ, ಬ್ಲೇಡು ಬಿಚ್ಚಿ, ಹಿಂಬದಿಯ ಕೂದಲನ್ನು ಬ್ರಷ್‌ನಿಂದ ಕೆಡವಿ, ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೋಯುವಂತೆ ಒರೆಸಿ ತಾನಾಗಿ ಆರಲು ಬಿಡುತ್ತೇವೆ. ಶೇಕಡಾ 99ರದ್ದು ಇನ್ನೂ ಚೆನ್ನಲ್ಲವೇ ಎಂದು ಹುಡುಗರು ಕೇಳುವುದುಂಟು. ಅದು ಬೇಗ ಹಾರಿಹೋಗುತ್ತದೆ. ರೋಗಾಣುವಿನ ಪ್ರೋಟೀನು ಕೆಡಲು ಸ್ವಲ್ಪ ನೀರೂ ಬೇಕು.

ಬ್ಲೇಡಿನ ಹಿಂದಿನ ಕೂದಲು ಸಣ್ಣ ಸಂಗತಿ ಎನ್ನುವವರಿಗೆ ನಾನು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನ ಕಥೆ ಹೇಳುತ್ತೇನೆ. 2000ರಲ್ಲಿ ಅಲ್ಲಿನ ಒಂದು ಉಗುರು ಸಲೂನಿನಲ್ಲಿ ಪಾದ ನೆನೆಸಿಕೊಂಡ ನೂರಕ್ಕೂ ಹೆಚ್ಚು ಜನರ ಕಾಲಿನಲ್ಲಿ ಕುರುಗಳೆದ್ದವು. ತೊಟ್ಟಿಯೊಳಗಿನ ಜಾಲರಿಯ ಹಿಂದೆ ಕೂದಲು ಮತ್ತು ಚರ್ಮದ ಕೊಳೆ ಕೂಡಿಕೊಂಡು, ಅಲ್ಲಿ ಮೈಕೋಬ್ಯಾಕ್ಟೀರಿಯಂ ಫಾರ್ಚ್ಯುಯಿಟಮ್ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು.

ರಕ್ತದ ವಿಷಯದಲ್ಲಿ ರಿಯಾಯಿತಿ ಇಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ಮೇಲ್ಮೈಯ ಮೇಲೂ ಕನಿಷ್ಠ 7 ದಿನ ಸೋಂಕು ತಗುಲಿಸುವ ಶಕ್ತಿ ಉಳಿಸಿಕೊಳ್ಳುತ್ತದೆ, ರಕ್ತ ಕಣ್ಣಿಗೆ ಕಾಣದಷ್ಟು ಕಡಿಮೆ ಇದ್ದರೂ ಸಾಕು. ದಾಡಿಯ ಬ್ಲೇಡನ್ನು ಗಿರಾಕಿಯ ಎದುರಿಗೇ ಹೊಸದು ಬಿಚ್ಚುವ ರೂಢಿ ಈಗ ಬಹುತೇಕ ಎಲ್ಲ ಕಡೆ ಬಂದಿದೆ; ಆದರೆ ಬ್ಲೇಡು ಹಿಡಿಯುವ ಕತ್ತಿಯ ಹಿಡಿಕೆಯನ್ನು ಯಾರೂ ಎಣಿಸುವುದಿಲ್ಲ. ಗಾಯವಾದರೆ ನಾವು ಕೈಗವಸು ಹಾಕಿಕೊಂಡು ಹಿಡಿಕೆಯನ್ನು ತೊಳೆದು, ಶೇಕಡಾ 5ರ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸುತ್ತೇವೆ. ನಂತರ ಚೆನ್ನಾಗಿ ತೊಳೆದು ಒರೆಸದಿದ್ದರೆ ಉಕ್ಕು ತುಕ್ಕು ಹಿಡಿಯುತ್ತದೆ. ಪಟಿಕದ ಗಡ್ಡೆಯನ್ನು ನಾನು ಸಂಪೂರ್ಣ ಬಿಟ್ಟಿದ್ದೇನೆ. ಹತ್ತು ಜನರ ಗೀರಿದ ಕೆನ್ನೆಗೆ ಒಂದೇ ಗಡ್ಡೆ ಉಜ್ಜುವುದಕ್ಕಿಂತ, ಪಟಿಕವನ್ನು ನೀರಿನಲ್ಲಿ ಕರಗಿಸಿ ಸ್ಪ್ರೇ ಬಾಟಲಿಯಲ್ಲಿಟ್ಟರೆ ಉರಿಯೂ ಅದೇ, ಗುಣವೂ ಅದೇ. ಬಳಸಿದ ಬ್ಲೇಡುಗಳು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹೋಗುತ್ತವೆ, ಏಕೆಂದರೆ ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡು ಕೊನೆಗೆ ಕೊಯ್ಯುವುದು ಪೌರಕಾರ್ಮಿಕರ ಕೈಯನ್ನು. ಕೆಲಸಕ್ಕೆ ಸೇರುವ ಹುಡುಗರಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸುತ್ತೇನೆ.

ರೋಗಾಣು ಕೊಲ್ಲುತ್ತದೆಂದು ನೇರಳೆ ಬೆಳಕಿನ ಪೆಟ್ಟಿಗೆ ಮಾರುವವರೂ ಬರುತ್ತಾರೆ. ನಿಜವಾದ ಯುವಿ-ಸಿ (ರೋಗಾಣು ಕೊಲ್ಲುವ ನೇರಳಾತೀತ ಕಿರಣ) ದೀಪವಿದ್ದರೂ ಬೆಳಕು ಬಿದ್ದಷ್ಟು ಜಾಗಕ್ಕೆ ಮಾತ್ರ ಅದರ ಪರಿಣಾಮ. ಹಣಿಗೆಯ ಹಲ್ಲಿನ ನೆರಳಿಗೂ ಎಣ್ಣೆಯ ಪದರದ ಕೆಳಗೂ ಅದು ಇಳಿಯದು. ನನ್ನಲ್ಲಿರುವ ಪೆಟ್ಟಿಗೆ ಧೂಳು ತಡೆಯುವ ಕಪಾಟಿನ ಕೆಲಸ ಮಾಡುತ್ತಿದೆ, ಬೇಸಿಗೆಯ ವಿಜಯಪುರದಲ್ಲಿ ಅದೂ ಬೇಕಾದದ್ದೇ.

ಟವೆಲ್‌ಗಳ ಮಟ್ಟಿಗೆ ನಮ್ಮ ಊರಿನ ಬಿಸಿಲೇ ದೊಡ್ಡ ನೆರವು. ಕುದಿಯುವಷ್ಟು ಬಿಸಿ ನೀರಿನಲ್ಲಿ ಒಗೆದು ಮಾಳಿಗೆಯ ಮೇಲೆ ಹರವಿದರೆ ಸಾಕು. ಮಳೆಗಾಲದಲ್ಲಿ ಮಾತ್ರ ಹಸಿ ಟವೆಲ್ ಬಳಸದೆ, ಬಿಸಾಡುವ ಕಾಗದದ ಪಟ್ಟಿಯನ್ನು ಗಿರಾಕಿಯ ಕುತ್ತಿಗೆಗೆ ಸುತ್ತುತ್ತೇವೆ.

"ಏನ್ರೀ, ಇದೇನ್ ದವಾಖಾನಿ ಮಾಡೀರೇನು?" ಎಂದು ನಕ್ಕ ಹಳೆಯ ಗಿರಾಕಿಗಳೂ ಈಗ ಡಬ್ಬಿಯ ಹಣಿಗೆಯನ್ನೇ ಕೇಳುತ್ತಾರೆ. ಆದರೆ ಕತ್ತಿನ ಕೂದಲು ಝಾಡಿಸುವ ಪೌಡರ್ ಬ್ರಷ್ ಬಿಡಿಸುವುದು ಕಷ್ಟವಾಯಿತು. ದಟ್ಟ ಎಳೆಗಳ ಆ ಬ್ರಷ್ ತೊಳೆದರೆ ಅರ್ಧ ದಿನ ಒಣಗುವುದಿಲ್ಲ, ಹಿರಿಯರು ಪೌಡರ್ ಹಚ್ಚದೆ ಕುರ್ಚಿ ಬಿಟ್ಟು ಏಳುವುದಿಲ್ಲ. ಸದ್ಯಕ್ಕೆ ಟಿಶ್ಯೂ ಕಾಗದದ ಮೇಲೆ ಪೌಡರ್ ಉದುರಿಸಿ ಕತ್ತು ಒರೆಸಿ, ಕಾಗದವನ್ನು ಅವರೆದುರಿಗೇ ಬುಟ್ಟಿಗೆ ಹಾಕುತ್ತಿದ್ದೇನೆ.