ಇಲ್ಲದ ಕಾರು ಕಂಪನಿಗೆ ಒಂದು ಚರಿತ್ರೆ ಕಟ್ಟುವುದು ಹೇಗೆ

ಕಲ್ಪನೆಯ ಹಳೇ ಕಾರು ಬಿಡಿಸೋಕೆ ಕೂತವರಲ್ಲಿ ಹೆಚ್ಚಿನವರು ಮೊದಲು ಗ್ರಿಲ್ ಬಿಡಿಸುತ್ತಾರೆ. ಆಮೇಲೆ ಲೋಗೋ, ಆಮೇಲೆ ಕ್ರೋಮ್ ಪಟ್ಟಿ. ನೋಡೋಕೆ ಚೆನ್ನಾಗೇ ಇರುತ್ತೆ, ಆದರೆ ಇಂಥದ್ದೊಂದು ಕಾರು ರಸ್ತೆಯಲ್ಲಿ ಓಡಿತ್ತು ಅಂತ ಅನಿಸಲ್ಲ. ಪೆನ್ಸಿಲ್ ಹಿಡಿಯೋ ಮೊದಲು ಮೂರು ವಿಷಯ ಬರೆದಿಟ್ಟುಕೊಳ್ಳಿ. ಎಂಜಿನ್ ಯಾರದ್ದು? ಬಾಡಿಯ ಶೀಟನ್ನು ಪ್ರೆಸ್ ಯಂತ್ರದಲ್ಲಿ ಆಕಾರಕ್ಕೆ ಒತ್ತಿಕೊಡೋರು ಯಾರು? ದುಡ್ಡು ಎಲ್ಲಿಗೆ ಸಾಲದೆ ಹೋಯಿತು? ಕಾರಿನ ಆಕಾರ ಅರ್ಧಕ್ಕರ್ಧ ಈ ಉತ್ತರಗಳಿಂದಲೇ ಹುಟ್ಟುತ್ತೆ.

ಇಂಗ್ಲೆಂಡಿನ ಟ್ರಯಂಫ್ ಕಂಪನಿಯ ಹೆರಾಲ್ಡ್ ಕಾರು ತಗೊಳ್ಳಿ. ಆ ಕಂಪನಿಗೆ ಬಾಡಿ ಒತ್ತಿಕೊಡುತ್ತಿದ್ದದ್ದು ಫಿಶರ್ ಅಂಡ್ ಲಡ್ಲೋ. 1953ರಲ್ಲಿ ಅದನ್ನು ಪ್ರತಿಸ್ಪರ್ಧಿ ಕಾರು ಕಂಪನಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಕೊಂಡುಕೊಂಡಿತು, ಹೊಸ ಕಾರಿಗೆ ಇಡೀ ಬಾಡಿ ಮಾಡಿಕೊಡೋರೇ ಇಲ್ಲದಂತಾಯಿತು. ಹಾಗಾಗಿ ಬೇರೆಯವರೆಲ್ಲ ಚಾಸಿಸ್ (ಬಾಡಿಯ ಕೆಳಗಿನ ಚೌಕಟ್ಟು) ಬಿಟ್ಟು ಒಂದೇ ತುಂಡಿನ ಬಾಡಿಗೆ ಹೋಗುತ್ತಿದ್ದ ಕಾಲದಲ್ಲಿ ಇವರು ಹಳೇ ರೀತಿ ಪ್ರತ್ಯೇಕ ಚಾಸಿಸ್ ಇಟ್ಟುಕೊಂಡು, ಬಾಡಿಯನ್ನು ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಬೋಲ್ಟ್ ಹಾಕಿ ಕೂರಿಸಿದರು. 1959ರಲ್ಲಿ ಕಾರು ಬಂತು. ಮೇಲ್ಭಾಗ ಬದಲಿಸಿದರೆ ಛಾವಣಿ ಮಡಚುವ ಕನ್ವರ್ಟಿಬಲ್, ಇನ್ನೊಂದು ಬದಲಿಸಿದರೆ ಹಿಂದೆ ಸಾಮಾನಿಗೆ ಜಾಗ ಇರೋ ಎಸ್ಟೇಟ್. ಅದೇ ಕಾರು ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಗೆ ಬಂದ ಮೇಲೆ, ಇಂಗ್ಲೆಂಡಿನಲ್ಲಿ ಯಾವತ್ತೂ ಮಾರದ ನಾಲ್ಕು ಬಾಗಿಲಿನ ಹೆರಾಲ್ಡ್ ಹುಟ್ಟಿತು. ನೀವು ಕಟ್ಟೋ ಚರಿತ್ರೆಯಲ್ಲೂ ಇಂಥ ಒಂದು ಸಂಕಟ ಇರಲೇಬೇಕು. ಅದರ ಗುರುತು ಬಾಗಿಲಿನಲ್ಲೋ ಬಾನೆಟ್ಟಿನಲ್ಲೋ ಕಣ್ಣಿಗೆ ಕಾಣಬೇಕು.

ನಮ್ಮ ಕಡೆಯ ಕಂಪನಿ ಬೇಕಾದರೆ ಒಳ್ಳೇ ನೆಲೆ ಇದೆ. 1930ರ ದಶಕದಲ್ಲಿ ವಿಶ್ವೇಶ್ವರಯ್ಯನವರು ದೇಶದಲ್ಲೊಂದು ಮೋಟಾರು ಕಾರ್ಖಾನೆ ಆಗಲೇಬೇಕು ಅಂತ ಓಡಾಡಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು, ಮೈಸೂರು ಸಂಸ್ಥಾನದಲ್ಲೇ ಮಾಡುವ ಮಾತೂ ನಡೆದಿತ್ತು. ಬ್ರಿಟಿಷ್ ಸರ್ಕಾರ ಕೈಜೋಡಿಸಲಿಲ್ಲ. ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದ್ದು ಮುಂಬೈಯಲ್ಲಿ. ಆ ಕಾರ್ಖಾನೆ ಇಲ್ಲೇ ಆಗಿದ್ದರೆ ಅಂತ ಶುರು ಮಾಡಿ. ಆದರೆ ಭದ್ರಾವತಿಯಲ್ಲಿ ಕಬ್ಬಿಣ ಇತ್ತಲ್ಲ ಅಂತ ಸುಮ್ನೆ ಬರೆದರೆ ಸಾಲದು, ಕಾರಿನ ಮೈಗೆ ಬೇಕಾದ ಅಗಲವಾದ ತೆಳು ಶೀಟು ಎಲ್ಲಿಂದ ಬಂತು, ಅದನ್ನು ಒತ್ತೋ ದೊಡ್ಡ ಪ್ರೆಸ್ ಯಾವ ದೇಶದ್ದು ಅಂತಲೂ ಹೇಳಬೇಕು.

ಪ್ರೆಸ್ ಇಲ್ಲವೇ? ಹಾಗಾದರೆ ಪ್ರೆಸ್ ಬೇಡದ ಫೈಬರ್ ಬಾಡಿ. ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ ಕಾರು ಹಾಗೇ ಬಂದದ್ದು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ, ಎರಡೇ ಬಾಗಿಲು. ನಾಲ್ಕು ಬಾಗಿಲಿನ ಮೊಂಟಾನಾ ಆಮೇಲೆ ಬಂತು. ಅಷ್ಟರಲ್ಲಿ 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಾಗಿತ್ತು. ಇಂಥ ತಾರೀಖುಗಳ ಪಕ್ಕದಲ್ಲಿ ನಿಮ್ಮ ಕಂಪನಿಯ ತಾರೀಖುಗಳನ್ನು ಇಟ್ಟು ನೋಡಿ. ಕತೆ ತಾನಾಗಿ ಬಿಗಿಯಾಗುತ್ತೆ.

ಈಗ ಚಿತ್ರ. ಪಕ್ಕದ ನೋಟದಿಂದ ಶುರು ಮಾಡಿ, ಮೊದಲು ಎರಡು ಚಕ್ರ. ನಡುವಿನ ಅಂತರಕ್ಕೆ ನಿಜವಾದ ಅಳತೆ ಇಟ್ಟುಕೊಳ್ಳಿ. ಅಂಬಾಸಿಡರ್‌ನದ್ದು 97 ಇಂಚು. ಟೈರು ತೆಳ್ಳಗಿರಲಿ. ಈಗಿನ ಕಣ್ಣಿಗೆ ದಪ್ಪ ಟೈರು, ದೊಡ್ಡ ರಿಮ್ಮು ರೂಢಿಯಾಗಿದೆ, ಹಳೇ ಕಾರಿನ ಚಿತ್ರ ಜಾಸ್ತಿ ಕೆಡೋದು ಅಲ್ಲೇ. ಎಂಜಿನ್ ಉದ್ದಕ್ಕೆ ಕೂತಿದೆಯಾ, ಅಡ್ಡಕ್ಕಾ ಅಂತ ನೋಡಿ ಬಾನೆಟ್ ಉದ್ದ ನಿರ್ಧರಿಸಿ.

ಮೊದಲ ಮಾಡೆಲ್ ಆದ ಮೇಲೆ ಅದೇ ಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಎರಡನೆಯದನ್ನು ಬಿಡಿಸಿ. ಬಾಗಿಲು, ಛಾವಣಿ, ಗಾಜು ಮುಟ್ಟಬೇಡಿ. ಗ್ರಿಲ್, ಬಂಪರ್, ಹಿಂದಿನ ಲೈಟು, ಡ್ಯಾಶ್‌ಬೋರ್ಡ್ ಮಾತ್ರ ಬದಲಿಸಿ. ಹೊಸ ಬಾಗಿಲಿಗೆ ಹೊಸ ಡೈ (ಶೀಟು ಒತ್ತುವ ಅಚ್ಚು) ಬೇಕು, ಡೈಗೆ ಸಿಕ್ಕಾಪಟ್ಟೆ ದುಡ್ಡು ಬೇಕು, ಗ್ರಿಲ್ಲಿಗೆ ಅಷ್ಟು ಬೇಡ. ಅಂಬಾಸಿಡರ್ 1950ರ ದಶಕದಿಂದ 2014ರವರೆಗೆ ಬಂದದ್ದು ಹೆಚ್ಚುಕಮ್ಮಿ ಹೀಗೇ ಅಲ್ವಾ? ಹೊಸ ಮಾಡೆಲ್ ಅಂತ ಪ್ರತಿ ಸಲ ಬೇರೆಯೇ ಕಾರು ಬಿಡಿಸಿದರೆ ನಿಮ್ಮ ಕಂಪನಿಯ ಹತ್ತಿರ ಎಲ್ಲಿಲ್ಲದ ಹಣ ಇತ್ತು ಅಂತಾಗುತ್ತೆ.

ಹೆಸರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಕೊನೆಗೆ ಇಟ್ಟರೂ ನಡೆಯುತ್ತೆ. ಅದರ ಬದಲು ಬಿಡಿಭಾಗಗಳ ಒಂದು ಪುಟದ ಪಟ್ಟಿ ಮಾಡಿ. ಯಾವ ಭಾಗ ಯಾವ ವರ್ಷದ ಗಾಡಿಗೆ ಹೊಂದುತ್ತೆ ಅಂತ ಬರೆಯೋಕೆ ಹೊರಟರೆ ಚರಿತ್ರೆಯಲ್ಲಿ ಎಲ್ಲಿ ತಾಳೆ ಆಗುತ್ತಿಲ್ಲ ಅಂತ ತಕ್ಷಣ ಗೊತ್ತಾಗುತ್ತೆ.

ಕಂಪನಿ ಮುಚ್ಚಿದ್ದಕ್ಕೂ ಕಾರಿನೊಳಗೇ ಕಾರಣ ಇರಲಿ. ಮದ್ರಾಸಿನ ಅದೇ ಸ್ಟ್ಯಾಂಡರ್ಡ್ ಕಂಪನಿಯ 1985ರ ಸ್ಟ್ಯಾಂಡರ್ಡ್ 2000 ಕಾರಿನಲ್ಲಿ ಮೈ ಬ್ರಿಟನ್ನಿನ ರೋವರ್‌ನದ್ದು, ಎಂಜಿನ್ ಮಾತ್ರ ಹಳೇ ವ್ಯಾನ್‌ಗಾರ್ಡ್ ಕಾರಿನ ಕಾಲದ್ದು. ಬೆಲೆ ದುಬಾರಿ, ಓಟ ನಿಧಾನ. ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ನಿಮ್ಮ ಕೊನೇ ಮಾಡೆಲ್ ಬಿಡಿಸುವಾಗ ಯಾವ ಹಳೇ ಭಾಗವನ್ನು ಬಿಡಲಾಗದೆ ಉಳಿಸಿಕೊಂಡರು ಅಂತ ಮೊದಲು ಗುರುತು ಹಾಕಿಕೊಂಡು, ಆಮೇಲೆ ಅದರ ಸುತ್ತ ಗೆರೆ ಎಳೆಯಿರಿ.