ಹೆಡರ್ ಹಾಕುವ ಮುನ್ನ ಬೋಲ್ಟ್‌ಗೆ ಎಣ್ಣೆ ಕುಡಿಸಿ

ಎಂಜಿನ್‌ನ ಹೊಗೆಯನ್ನು ಹೊರಗೊಯ್ಯುವ ಉದ್ದ ಕೊಳವೆಗಳ ಜೋಡಣೆ, ಅಂದರೆ ಲಾಂಗ್ ಟ್ಯೂಬ್ ಹೆಡರ್, ಹಾಕಬೇಕೆಂದು ಹೊರಟವರ ಮೊದಲ ಪ್ರಶ್ನೆ, ಎಷ್ಟು ಹಾರ್ಸ್‌ಪವರ್ ಸಿಗುತ್ತದೆ ಎಂಬುದು. ಕಾರಿನ ಕೆಳಗೆ ಮಲಗಿದ ಮೇಲೆ ಆ ಲೆಕ್ಕ ಮರೆತೇಹೋಗುತ್ತದೆ. ಕಣ್ಣೆದುರು ಇರುವುದು ವರ್ಷಗಟ್ಟಲೆ ಕಾದು, ಆರಿ, ತುಕ್ಕು ತಿಂದ ಬೋಲ್ಟ್‌ಗಳು; ಜೊತೆಗೆ ಕೈ ತೂರಿದರೆ ಸ್ಪ್ಯಾನರ್ ತೂರದ, ಸ್ಪ್ಯಾನರ್ ತೂರಿದರೆ ಕೈ ತೂರದ ಸಂದು. ಹೊಸದನ್ನು ಕೂರಿಸುವುದಕ್ಕಿಂತ ಹಳೆಯದನ್ನು ಮುರಿಯದೆ ಬಿಚ್ಚುವುದೇ ದೊಡ್ಡ ಕೆಲಸ. ಹಾಗಾಗಿ ಇಲ್ಲಿಯೂ ಬಿಚ್ಚುವುದಕ್ಕೇ ಹೆಚ್ಚು ಮಾತು.

ಕಾರಿನ ಜೊತೆ ಬಂದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಚ್ಚಾಗಿ ಎರಕದ ಕಬ್ಬಿಣದ್ದು. ಎಲ್ಲ ಸಿಲಿಂಡರ್‌ಗಳ ಹೊಗೆ ಒಂದೇ ಗಿಡ್ಡ ಹಾದಿಗೆ ನುಗ್ಗಿ ಒಂದನ್ನೊಂದು ತಳ್ಳಾಡುತ್ತದೆ. ಹೆಡರ್‌ನಲ್ಲಿ ಪ್ರತಿ ಸಿಲಿಂಡರ್‌ಗೂ ಸ್ವಂತ ಕೊಳವೆ. ಲಾಂಗ್ ಟ್ಯೂಬ್‌ನಲ್ಲಿ ಈ ಕೊಳವೆಗಳು ಎಂಜಿನ್‌ನ ಪಕ್ಕದಿಂದ ಇಳಿದು, ಗೇರ್‌ಬಾಕ್ಸ್‌ನ ಹತ್ತಿರ ಕಲೆಕ್ಟರ್‌ನಲ್ಲಿ ಒಂದಾಗುತ್ತವೆ. ಒಂದು ಸಿಲಿಂಡರ್‌ನ ಹೊಗೆ ರಭಸದಿಂದ ಹೊರಟಾಗ ಅದರ ಬೆನ್ನ ಹಿಂದೆ ಒತ್ತಡ ಕುಸಿಯುತ್ತದೆ. ಆ ಸೆಳೆತವೇ ಮುಂದಿನ ಸಿಲಿಂಡರ್ ಖಾಲಿಯಾಗಲು ನೆರವಾಗುತ್ತದೆ. ಕೊಳವೆ ದಪ್ಪವಿದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಅಳತೆ ಮೀರಿದರೆ ಹೊಗೆಯ ವೇಗ ತಗ್ಗಿ, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಸಾಯುತ್ತದೆ. ರಸ್ತೆಯಲ್ಲಿ ಓಡಿಸುವ ಬಹುಪಾಲು ವಿ8 (ಎಂಟು ಸಿಲಿಂಡರ್) ಕಾರುಗಳಿಗೆ ಒಂದೂಮುಕ್ಕಾಲು ಅಂಗುಲದ ಕೊಳವೆ ಸಾಕು ಎಂಬುದು ನನ್ನ ಅಭಿಪ್ರಾಯ.

ದುಡ್ಡು ಕೊಡುವ ಮೊದಲು ಇನ್ನೊಂದು ವಿಷಯ. ಉದ್ದದ ಹೆಡರ್ ಬಂದರೆ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಿಂದಕ್ಕೆ ಸರಿಯುತ್ತದೆ, ಇಲ್ಲವೇ ಜಾಗವನ್ನೇ ಕಳೆದುಕೊಳ್ಳುತ್ತದೆ. ಅದನ್ನು ತೆಗೆಯುವುದು ಹಲವು ದೇಶಗಳಲ್ಲಿ ಅಪರಾಧ. ನಿಮ್ಮ ಕಾರು ರಸ್ತೆಗೋ ರೇಸ್ ಟ್ರ್ಯಾಕ್‌ಗೋ ಎಂಬುದನ್ನು ಮೊದಲೇ ತೀರ್ಮಾನಿಸಿ.

ಹಿಂದಿನ ರಾತ್ರಿ

ಮ್ಯಾನಿಫೋಲ್ಡ್‌ನ ಬೋಲ್ಟ್‌ಗಳಿಗೂ ಅದರ ಕೆಳಗಿನ ಪೈಪ್ ಜೋಡಣೆಯ ನಟ್‌ಗಳಿಗೂ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ ಮಲಗಿಬಿಡಿ. ಬೆಳಿಗ್ಗೆ ಇನ್ನೊಮ್ಮೆ ಸಿಂಪಡಿಸಿ. ಎಂಜಿನ್ ಪೂರ್ತಿ ತಣ್ಣಗಿರಲಿ. ಸ್ಟ್ಯಾಂಡ್‌ಗಳ ಮೇಲೆ ಕಾರನ್ನು ಆದಷ್ಟು ಎತ್ತರಕ್ಕೆ ಕೂರಿಸಿ; ಉದ್ದದ ಹೆಡರ್ ಸಾಮಾನ್ಯವಾಗಿ ಕೆಳಗಿನಿಂದಲೇ ಒಳಸೇರುತ್ತದೆ. ಬರೀ ಜಾಕಿ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಬ್ಯಾಟರಿಯ ನೆಗೆಟಿವ್ ವೈರ್ ಮೊದಲೇ ಕಳಚಿ, ಏಕೆಂದರೆ ಮುಂದೆ ಸ್ಟಾರ್ಟರ್ ಮೋಟಾರಿಗೆ ಕೈ ಹಾಕಬೇಕಾಗುತ್ತದೆ.

ಬಿಚ್ಚುವ ಸರದಿ

ಸ್ಪಾರ್ಕ್ ಪ್ಲಗ್‌ನ ವೈರ್‌ಗಳನ್ನೂ ಪ್ಲಗ್‌ಗಳನ್ನೂ ತೆಗೆದಿಡಿ. ಕೈಗೆ ಜಾಗವೂ ಆಯಿತು, ಹೆಡರ್ ತೂರಿಸುವಾಗ ಪ್ಲಗ್‌ನ ಪಿಂಗಾಣಿ ಬಿರುಕು ಬಿಡುವುದೂ ತಪ್ಪಿತು. ಆಯಿಲ್ ಡಿಪ್‌ಸ್ಟಿಕ್‌ನ ಕೊಳವೆ, ಸ್ಟಾರ್ಟರ್ ಮೋಟಾರ್ ಅಡ್ಡ ಬಂದರೆ ಅವನ್ನೂ ತೆಗೆಯಿರಿ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗಳನ್ನು ಪಕ್ಕಕ್ಕೆ ಸೀಳಿರುವ ಸಾಕೆಟ್‌ನಿಂದ ಬಿಚ್ಚಿ, ವೈರ್ ತಿರುಚಿಕೊಳ್ಳಬಾರದು.

ಕೆಲವು ಕಾರುಗಳಲ್ಲಿ ಸ್ಟಿಯರಿಂಗ್ ಶಾಫ್ಟ್ ಕಳಚದೆ ಹೆಡರ್ ಒಳಗೆ ಹೋಗುವುದೇ ಇಲ್ಲ. ಕಳಚುವ ಮೊದಲು ಚಕ್ರಗಳನ್ನು ನೇರ ಮಾಡಿ, ಜೋಡಣೆಯ ಎರಡೂ ಕಡೆ ಬಣ್ಣದ ಗುರುತು ಹಾಕಿ, ಸ್ಟಿಯರಿಂಗ್ ಚಕ್ರ ಅಲ್ಲಾಡದಂತೆ ಕಟ್ಟಿಬಿಡಿ. ಅದು ತಿರುಗುತ್ತಾ ಹೋದರೆ ಒಳಗಿರುವ ಏರ್‌ಬ್ಯಾಗ್‌ನ ಸುರುಳಿ ಪಟ್ಟಿ ಹರಿಯುತ್ತದೆ.

ಇನ್ನು ಮ್ಯಾನಿಫೋಲ್ಡ್ ಬೋಲ್ಟ್‌ಗಳು. ಮ್ಯಾನಿಫೋಲ್ಡ್ ಕೂತಿರುವ ಅಲ್ಯೂಮಿನಿಯಂ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಸಿಗೆ ಎರಕದ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ನಡುವೆ ಸಿಕ್ಕ ಬೋಲ್ಟ್‌ಗೆ ದಿನವೂ ಎಳೆದಾಟ. ತುದಿಯ ಬೋಲ್ಟ್‌ಗಳಿಗೆ ಎಲ್ಲಕ್ಕಿಂತ ಜಾಸ್ತಿ. ಹಿಂದಿನ ಮೂಲೆಯದ್ದು ಎಷ್ಟೋ ಸಲ ನಾವು ಮುಟ್ಟುವ ಮೊದಲೇ ಮುರಿದಿರುತ್ತದೆ. ಆರು ಪಟ್ಟಿಯ ಸಾಕೆಟ್ ಬಳಸಿ, ಹನ್ನೆರಡು ಪಟ್ಟಿಯದು ಬೋಲ್ಟ್‌ನ ತಲೆಯನ್ನು ಸವೆಸುತ್ತದೆ. ಕಾಲು ಸುತ್ತು ಸಡಿಲಿಸಿ, ಸ್ವಲ್ಪ ಬಿಗಿ ಮಾಡಿ, ಎಣ್ಣೆ ಬಿಡಿ, ಮತ್ತೆ ಸಡಿಲಿಸಿ. ರಬ್ಬರಿನಂತೆ ಮೆತ್ತಗೆ ತಿರುಗುತ್ತಿದೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ: ಬೋಲ್ಟ್ ಬಿಚ್ಚುತ್ತಿಲ್ಲ, ತಿರುಚಿ ಮುರಿಯುತ್ತಿದೆ. ಆದರೂ ಮುರಿದು, ತುಂಡು ಹೊರಗೆ ಚಾಚಿಕೊಂಡಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸಬಹುದು. ಆ ಬಿಸಿಯೇ ತುಕ್ಕಿನ ಹಿಡಿತವನ್ನೂ ಬಿಡಿಸುತ್ತದೆ. ಒಳಗೇ ಮುರಿದಿದ್ದರೆ ಅನುಭವವಿಲ್ಲದವರು ಡ್ರಿಲ್ ಹಿಡಿಯಬಾರದು. ಡ್ರಿಲ್ ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಜಾರಿದರೆ ಹೆಡ್‌ ಹಾಳಾದಂತೆಯೇ.

ಹೊಸದನ್ನು ತೂಗುಹಾಕುವುದು

ಹೆಡ್‌ನ ಮುಖದಲ್ಲಿ ಅಂಟಿದ ಹಳೆಯ ಗ್ಯಾಸ್ಕೆಟ್ (ಸೋರದಂತೆ ಸಂದು ಮುಚ್ಚುವ ಹಾಳೆ) ಅನ್ನು ಪ್ಲಾಸ್ಟಿಕ್ ಉಜ್ಜುಗದಿಂದ ತೆಗೆಯಿರಿ. ಗ್ರೈಂಡರ್ ಬೇಡ, ಅದು ಸಪಾಟು ಮುಖವನ್ನು ಹಳ್ಳ ಮಾಡುತ್ತದೆ. ಗ್ಯಾಸ್ಕೆಟ್ ಪದರಗಳ ಉಕ್ಕಿನದಿರಲಿ. ಕಾಗದದಂಥವು ಬೇಗ ಸುಟ್ಟುಹೋಗುತ್ತವೆ.

ಈಗ ತೂರಿಸುವ ಆಟ. ತಿರುಗಿಸಿ, ಓರೆ ಮಾಡಿ, ಒಬ್ಬರು ಕೆಳಗಿನಿಂದ ಎತ್ತಿ, ಒಬ್ಬರು ಮೇಲಿನಿಂದ ಹಿಡಿದು ಒಳಗೆ ತನ್ನಿ. ಎಷ್ಟೇ ಮಾಡಿದರೂ ಬಾರದಿದ್ದರೆ ಆ ಬದಿಯ ಎಂಜಿನ್ ಮೌಂಟ್ ಸಡಿಲಿಸಿ ಎಂಜಿನ್ ಅನ್ನು ಒಂದಿಷ್ಟು ಎತ್ತಬೇಕಾದೀತು. ಜಾಕಿಗೂ ಆಯಿಲ್ ಪ್ಯಾನ್‌ಗೂ ನಡುವೆ ಅಗಲವಾದ ಮರದ ಹಲಗೆ ಇರಲಿ.

ಬೋಲ್ಟ್‌ಗಳನ್ನೆಲ್ಲ ಬೆರಳಲ್ಲೇ ತಿರುಗಿಸಿ ಕೂರಿಸಿ. ಯಾವುದನ್ನೂ ಬಿಗಿ ಮಾಡಬೇಡಿ! ನಾನು ಮೊದಲ ಸಲ ಒಂದು ಬದಿಯನ್ನು ಜಂಬದಿಂದ ಪೂರ್ತಿ ಬಿಗಿದು, ಆಮೇಲೆ ಸ್ಟಾರ್ಟರ್ ಮೋಟಾರ್ ಕೈಗೆತ್ತಿಕೊಂಡೆ. ಅದಕ್ಕೆ ಒಳಗೆ ಹೋಗಲು ದಾರಿಯೇ ಉಳಿದಿರಲಿಲ್ಲ. ಅರ್ಧ ದಿನದ ಕೆಲಸ ಮತ್ತೆ ಮೊದಲಿಗೆ ಬಂತು. ಸ್ಟಾರ್ಟರ್, ಡಿಪ್‌ಸ್ಟಿಕ್, ಸ್ಟಿಯರಿಂಗ್ ಶಾಫ್ಟ್, ಕೆಳಗಿನ ಪೈಪ್ ಎಲ್ಲವೂ ಜಾಗಕ್ಕೆ ಬಂದ ಮೇಲೆಯೇ ಬಿಗಿ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಮುಟ್ಟಿ.

ನಡುವಿನ ಬೋಲ್ಟ್‌ನಿಂದ ಶುರುಮಾಡಿ ಎರಡೂ ತುದಿಗಳ ಕಡೆಗೆ, ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಜನರಲ್ ಮೋಟರ್ಸ್‌ನ ಎಲ್‌ಎಸ್1 ಎಂಜಿನ್‌ನಲ್ಲಿ ಮೊದಲ ಸುತ್ತು 15 ನ್ಯೂಟನ್ ಮೀಟರ್, ಎರಡನೆಯದು 25. ಬಲವಾಗಿ ಬಿಗಿದು ರೂಢಿಯಾದ ಕೈಗೆ ಇದು ತೀರಾ ಕಡಿಮೆ ಅನ್ನಿಸುತ್ತದೆ, ಆದರೂ ಅಳತೆ ಮೀರಬೇಡಿ. ನಿಮ್ಮ ಹೆಡರ್ ಜೊತೆ ಬಂದ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಿ.

ಸೆನ್ಸರ್‌ಗಳು ಈಗ ಕೆಳಕ್ಕೆ, ಹಿಂದಕ್ಕೆ ಹೋಗಿರುತ್ತವೆ. ವೈರ್ ಎಳೆದು ಬಿಗಿಯಾದರೆ ಉದ್ದದ ಜೋಡಣೆ ವೈರ್ ಬಳಸಿ, ಕೊಳವೆಗೆ ತಾಗದಂತೆ ಕಟ್ಟಿ. ಪ್ಲಗ್ ವೈರ್‌ಗಳಿಗೆ ಬಿಸಿ ತಡೆಯುವ ಕವಚ ತೊಡಿಸಿ. ಬ್ರೇಕ್ ಪೈಪ್‌ಗೂ ಸ್ಟಾರ್ಟರ್ ವೈರ್‌ಗೂ ಹೆಡರ್‌ನಿಂದ ಎಷ್ಟು ಅಂತರವಿದೆ ಎಂದು ಟಾರ್ಚ್ ಹಿಡಿದು ನೋಡಿ.

ಮೊದಲ ಸ್ಟಾರ್ಟ್

ಹೆಡರ್ ಸ್ಟೇನ್‌ಲೆಸ್ ಆಗಿದ್ದರೆ ಸ್ಟಾರ್ಟ್ ಮಾಡುವ ಮುನ್ನ ಆಲ್ಕೋಹಾಲ್‌ನಿಂದ ಒರೆಸಿ, ಇಲ್ಲವಾದರೆ ಜಿಡ್ಡು ಬೆರಳಿನ ಗುರುತು ಸುಟ್ಟು ಅಚ್ಚಾಗಿಬಿಡುತ್ತದೆ. ಶುರುವಿನಲ್ಲಿ ಹೊಗೆ ಏಳುತ್ತದೆ. ಉಳಿದ ಎಣ್ಣೆ ಉರಿಯುವುದು ಅದು. ಗಮನವಿಟ್ಟು ಕೇಳಿಸಿಕೊಳ್ಳಬೇಕಾದದ್ದು ಟಿಕ್ ಟಿಕ್ ಸದ್ದು. ಅದು ಗ್ಯಾಸ್ಕೆಟ್ ಬಳಿ ಸೋರುವ ಸೂಚನೆ. ಆ ಸೋರಿಕೆಯಿಂದ ಹೊರಗಿನ ಗಾಳಿ ಒಳಸೇರಿದರೆ ಸೆನ್ಸರ್ ಮೋಸಹೋಗಿ, ಇಂಧನ ಕಡಿಮೆಯಾಗಿದೆ ಎಂದು ಎಂಜಿನ್‌ನ ಕಂಪ್ಯೂಟರ್ ಆದ ಇಸಿಯುಗೆ ತಪ್ಪು ವರದಿ ಕೊಡುತ್ತದೆ. ಎರಡು ಮೂರು ಸಲ ಬಿಸಿಯಾಗಿ ಆರಿದ ಮೇಲೆ, ಎಂಜಿನ್ ತಣ್ಣಗಿರುವಾಗ ಬೋಲ್ಟ್‌ಗಳನ್ನು ಮತ್ತೊಮ್ಮೆ ಅದೇ ಅಳತೆಗೆ ಬಿಗಿ ಮಾಡಿ. ಇಸಿಯು ಟ್ಯೂನ್ ಮಾಡಿಸುವವರೆಗೆ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿರಲಿ.

ಮೊದಲ ನಿಮಿಷದಲ್ಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಅನ್ನು ಒಂದೊಂದೇ ಕೊಳವೆಯತ್ತ ಹಿಡಿಯಿರಿ. ಒಂದು ಮಾತ್ರ ಉಳಿದವಕ್ಕಿಂತ ತೀರಾ ತಣ್ಣಗಿದ್ದರೆ ಹೆಡರ್ ಬಿಚ್ಚಲು ಹೋಗಬೇಡಿ. ಎಂಜಿನ್ ಆರಿಸಿ, ಆ ಸಿಲಿಂಡರ್‌ನ ಪ್ಲಗ್ ವೈರ್ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಒತ್ತಿ ನೋಡಿ.