ಚಿಪ್ ಸ್ಪೆಕ್ ಅನ್ನೂ ಕೋಡ್ ಥರವೇ ಬರೆಯಿರಿ

ಆಗುಂಬೆಯ ಮಳೆ ಎಣಿಸುವ ಒಂದು ಪುಟ್ಟ ಚಿಪ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಮಳೆಮಾಪಕದ ಒಳಗಿನ ಬಕೆಟ್ 0.2 ಮಿ.ಮೀ. ಮಳೆಗೊಮ್ಮೆ ಮಗುಚುತ್ತದೆ, ಸ್ವಿಚ್ ಒಂದು ಪಲ್ಸ್ ಕೊಡುತ್ತದೆ. ಸ್ಪೆಕ್‌ನಲ್ಲಿ, ಅಂದರೆ ಚಿಪ್ ಏನೇನು ಮಾಡಬೇಕು ಅಂತ ಬರೆದಿಟ್ಟ ದಾಖಲೆಯಲ್ಲಿ, ಇರುವುದು ಒಂದೇ ಸಾಲು: "ಕೌಂಟರ್ ಪಲ್ಸ್ ಎಣಿಸಬೇಕು." ಸರಿಯಾಗೇ ಇದೆ, ಅಲ್ವಾ? ಡಿಸೈನ್ ಮಾಡುವವರು 8 ಬಿಟ್ ಕೌಂಟರ್ ಹಾಕುತ್ತಾರೆ, ಅದು ಎಣಿಸುವುದು 255ರವರೆಗೆ ಮಾತ್ರ. 255 ಸಲ ಮಗುಚಿದರೆ 51 ಮಿ.ಮೀ. ಆಷಾಢದಲ್ಲಿ ಅಲ್ಲಿ ಅಷ್ಟು ಮಳೆ ಮಧ್ಯಾಹ್ನದ ಊಟದೊಳಗೇ ಬಿದ್ದುಬಿಡಬಹುದು. ಮುಂದಿನ ಪಲ್ಸಿಗೆ ಕೌಂಟರ್ ಮತ್ತೆ ಸೊನ್ನೆ.

ಆ್ಯಪ್ ಆದರೆ ಸಂಜೆಗೆ ಪ್ಯಾಚ್ ಕಳಿಸಬಹುದು. ಟೇಪ್‌ಔಟ್ ಆದ, ಅಂದರೆ ಡಿಸೈನ್ ಫ್ಯಾಕ್ಟರಿಗೆ ಹೋಗಿಬಿಟ್ಟ ಚಿಪ್‌ಗೆ ಹೊಸ ಮಾಸ್ಕ್ (ಚಿಪ್ ಮೇಲೆ ಡಿಸೈನ್ ಮೂಡಿಸುವ ಪಡಿಯಚ್ಚು) ಬೇಕು, ತಿಂಗಳುಗಟ್ಟಲೆ ಕಾಯಬೇಕು. 1994ರಲ್ಲಿ ಹೊರಬಿದ್ದ ಪೆಂಟಿಯಂ ಪ್ರೊಸೆಸರ್‌ನ ಭಾಗಾಕಾರದ ತಪ್ಪಿಗೆ ಇಂಟೆಲ್ 47.5 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು.

ಅದಕ್ಕೇ ಮೊದಲು ವರ್ಡ್ ಫೈಲ್ ಬಿಡಿ. ಸ್ಪೆಕ್ ಅನ್ನು ಸಾದಾ ಟೆಕ್ಸ್ಟ್‌ನಲ್ಲಿ ಬರೆದು, ವೆರಿಲಾಗ್ (ಚಿಪ್ ಡಿಸೈನ್ ಬರೆಯುವ ಭಾಷೆ) ಕೋಡ್ ಇರುವ ಗಿಟ್ ರೆಪೊದಲ್ಲೇ ಇಡಿ. ಯಾವ ಸಾಲನ್ನು ಯಾರು, ಯಾಕೆ ಬದಲಿಸಿದರು ಅನ್ನುವುದು ಉಳಿಯುತ್ತದೆ.

ಪ್ರತಿ ಬೇಡಿಕೆಗೂ ಒಂದು ನಂಬರ್ ಕೊಡಿ. "ಮಳೆ-07: ಕೌಂಟರ್ 16 ಬಿಟ್. 65535 ಮುಟ್ಟಿದರೆ ಅಲ್ಲೇ ನಿಲ್ಲಬೇಕು, ಓವರ್‌ಫ್ಲೋ ಬಿಟ್ 1 ಆಗಬೇಕು." ಇದು 13 ಮೀಟರ್ ಮಳೆವರೆಗೂ ಸಾಕು. ಟೆಸ್ಟ್‌ಗೂ ಅದೇ ನಂಬರ್ ಇರಲಿ. ಟೆಸ್ಟ್ ಬರೆಯಲು ಬಾರದ ಸಾಲು ಸ್ಪೆಕ್‌ನಲ್ಲಿ ಇರಬಾರದು. "ಬೇಗ", "ಸಾಕಷ್ಟು" ಅನ್ನೋ ಪದಗಳನ್ನು ಹುಡುಕಿ ತೆಗೆಯಿರಿ.

ಆಮೇಲೆ, ವೆರಿಲಾಗ್ ಮುಟ್ಟುವ ಮೊದಲೇ, ಪೈಥಾನ್‌ನಲ್ಲಿ ಒಂದು ರೆಫರೆನ್ಸ್ ಮಾಡೆಲ್, ಅಂದರೆ ಚಿಪ್ ಹೇಗೆ ನಡೆದುಕೊಳ್ಳಬೇಕೋ ಹಾಗೇ ನಡೆದುಕೊಳ್ಳುವ ಪುಟ್ಟ ಪ್ರೋಗ್ರಾಂ ಬರೆಯಿರಿ. ನನ್ನ ಪ್ರಕಾರ ಜಾಸ್ತಿ ಲಾಭ ಇಲ್ಲೇ. ಮೂವತ್ತು ಸಾಲು ಬರೆಯುವಷ್ಟರಲ್ಲಿ ಸ್ಪೆಕ್ ಹೇಳದೆ ಬಿಟ್ಟಿದ್ದೆಲ್ಲ ಎದುರಿಗೆ ಬಂದು ನಿಲ್ಲುತ್ತದೆ: ಪ್ರೊಸೆಸರ್ ಕೌಂಟರ್ ಓದಿ ಸೊನ್ನೆ ಮಾಡುವ ಅದೇ ಕ್ಲಾಕ್ ಮಿಡಿತದಲ್ಲಿ ಇನ್ನೊಂದು ಪಲ್ಸ್ ಬಂದರೆ ಅದು ಹಳೇ ಲೆಕ್ಕಕ್ಕೋ, ಹೊಸ ಲೆಕ್ಕಕ್ಕೋ, ಇಲ್ಲಾ ಕಳೆದೇ ಹೋಗುತ್ತೋ? ಸ್ವಿಚ್ ಅದುರಿ ಒಂದೇ ಮಗುಚಿಗೆ ಮೂರು ಪಲ್ಸ್ ಬಂದರೆ? ಉತ್ತರ ಸಿಕ್ಕ ಕೂಡಲೇ ಸ್ಪೆಕ್‌ಗೆ ಸೇರಿಸಿ. ಮುಂದೆ ಕೊಕೊಟಿಬಿ (ಪೈಥಾನ್‌ನಲ್ಲಿ ಚಿಪ್ ಟೆಸ್ಟ್ ಬರೆಯುವ ಟೂಲ್) ಬಳಸಿ ಇದೇ ಮಾಡೆಲ್ ಜೊತೆ ವೆರಿಲಾಗ್ ಹೋಲಿಸಿ, ರೆಪೊಗೆ ಬದಲಾವಣೆ ಕಳಿಸಿದಾಗಲೆಲ್ಲ ಈ ಹೋಲಿಕೆ ತಾನಾಗಿ ಓಡುವ ಹಾಗೆ ಮಾಡಿ.

ರಿಜಿಸ್ಟರ್‌ಗಳ (ಪ್ರೊಸೆಸರ್ ಓದಿ ಬರೆಯುವ, ಚಿಪ್ ಒಳಗಿನ ಪುಟ್ಟ ಖಾನೆಗಳ) ಪಟ್ಟಿಯನ್ನು ಅದಕ್ಕೆಂದೇ ಇರುವ ಸಿಸ್ಟಂಆರ್‌ಡಿಎಲ್ ಭಾಷೆಯಲ್ಲಿ ಒಂದೇ ಸಲ ಬರೆಯಿರಿ. ರಿಜಿಸ್ಟರ್‌ಗಳ ಆರ್‌ಟಿಎಲ್ (ವೆರಿಲಾಗ್ ಥರದ ಡಿಸೈನ್ ಕೋಡ್), ಸಾಫ್ಟ್‌ವೇರ್‌ನವರಿಗೆ ಬೇಕಾದ ಸಿ ಹೆಡರ್ ಫೈಲ್, ಡಾಕ್ಯುಮೆಂಟ್ ಮೂರೂ ಅದರಿಂದಲೇ ಹುಟ್ಟಲಿ.

ರಿವ್ಯೂಗೆ ಚಿಪ್‌ನವರನ್ನು ಮಾತ್ರ ಸುಮ್ನೆ ಕೂರಿಸಬೇಡಿ, ಬಳಸುವವರನ್ನೂ ಕರೆಯಿರಿ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು ಕೇಳುವ ಮೊದಲ ಪ್ರಶ್ನೆಯೇ ಬೇರೆ: "ದರಗು ಬಿದ್ದು ಕೊಳವೆ ಕಟ್ಟಿಕೊಂಡರೆ ನಿಮ್ಮ ಚಿಪ್ ಮಳೆಯೇ ಇಲ್ಲ ಅನ್ನುತ್ತಾ ಮಾರಾಯ್ರೆ?" ಅದೂ ಒಂದು ಬೇಡಿಕೆ. "ಮಳೆ-12: 24 ಗಂಟೆ ಪಲ್ಸ್ ಬರದಿದ್ದರೆ 'ಪರೀಕ್ಷಿಸಿ' ಬಿಟ್ 1 ಆಗಬೇಕು."